ಸಹಾಯ ಬೇಕು: ತಮ್ಮನ ಮದುವೆಗೆ ಯಾವ ಬಣ್ಣದ ಸೀರೆ ಉಡಲಿ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಧಾರವಾಡದಲ್ಲಿ ತಮ್ಮನ ಮದುವೆ. ಮನೆಯ ಹೆಣ್ಣುಮಕ್ಕಳೆಲ್ಲ ತಿಳಿ ಗುಲಾಬಿ, ತಿಳಿ ಪಿಸ್ತಾ ಸೀರೆ ತಗೊಂಡಿದ್ದಾರೆ, ಈಗ ಪೇಸ್ಟಲ್ ಬಣ್ಣಗಳದ್ದೇ ಟ್ರೆಂಡ್ ಅಂತೆ. ನಾನೂ ಅಂಗಡಿಯಲ್ಲಿ ಒಂದನ್ನು ಹೆಗಲ ಮೇಲೆ ಹಾಕಿ ನೋಡಿದೆ. ನನ್ನದು ಎಣ್ಣೆಗೆಂಪು ಮೈಬಣ್ಣ, ಮುಖವೇ ಬಾಡಿದ ಹಾಗೆ ಕಂಡಿತು. ಬೇಡ ಅಂತ ಎದ್ದು ಬಂದೆ.

ನನಗೆ ಮೊದಲಿನಿಂದಲೂ ಗಾಢ ಬಣ್ಣವೇ ಇಷ್ಟ. ಅಜ್ಜಿಯ ಒಂದು ಇಳಕಲ್ ಸೀರೆ ನನ್ನ ಹತ್ತಿರ ಇದೆ, ಚಂದ್ರಕಾಳಿ ಅಂತಾರಲ್ಲ, ಆ ಕಪ್ಪು ಸೀರೆ, ಮೈಮೇಲೆ ಕೈಯಲ್ಲೇ ಹಾಕಿದ ಕಸೂತಿಯ ತೇರು, ಗೋಪುರ, ಆನೆ, ಕೆಂಪು ರೇಷ್ಮೆ ಸೆರಗಿನಲ್ಲಿ ಬಿಳಿ ತೋಪು ತೆನೆ ವಿನ್ಯಾಸ. ಕಸೂತಿ ಎಷ್ಟು ಅಚ್ಚುಕಟ್ಟು ಅಂದರೆ ಹಿಂದೆ ತಿರುಗಿಸಿ ನೋಡಿದರೂ ಒಂದು ಗಂಟು ಸಿಗುವುದಿಲ್ಲ. ಅದನ್ನು ಉಟ್ಟ ದಿನ ಮನಸ್ಸಿಗೆ ಏನೋ ಖುಷಿ.

ಆದರೆ ಅತ್ತೆ ಶುಭಕಾರ್ಯಕ್ಕೆ ಕಪ್ಪು ಬೇಡವೇ ಬೇಡ ಅಂತಾರೆ. ನಮ್ಮ ಕಡೆ ಹಿಂದೆ ಮದುಮಗಳಿಗೇ ಚಂದ್ರಕಾಳಿ ಕೊಡುತ್ತಿದ್ದರು ಅಲ್ವಾ? ಹಿರಿಯರಿಗೆ ಗೊತ್ತಿದ್ದರೆ ದಯವಿಟ್ಟು ಹೇಳಿ, ಅತ್ತೆಗೆ ತೋರಿಸುತ್ತೇನೆ. ಅವರ ಮನಸ್ಸು ನೋಯಿಸಿ ಉಡಲು ನನಗೂ ಇಷ್ಟವಿಲ್ಲ.

ಅಕ್ಷತೆಗೆ ದಾಳಿಂಬೆ ಕೆಂಪು ಅಥವಾ ಗಿಳಿ ಹಸಿರು ಇಳಕಲ್, ರಿಸೆಪ್ಶನ್‌ಗೆ ಚಂದ್ರಕಾಳಿ ಉಟ್ಟರೆ ಹೇಗೆ? ಕಪ್ಪು ಸೀರೆಗೆ ಸೆರಗಿನ ಕೆಂಪು ಬಣ್ಣದ ಖಣದ ಕುಪ್ಪಸ ಸಾಕೋ, ಅರಿಶಿನ ಬಣ್ಣದ್ದು ಹೊಲಿಸಲೋ? ಎಣ್ಣೆಗೆಂಪು ಬಣ್ಣದವರು ಯಾರಾದರೂ ಹೀಗೆ ಉಟ್ಟಿದ್ದರೆ ಫೋಟೋ ಹಾಕಿ. ಟೈಲರ್‌ಗೆ ಈ ವಾರವೇ ಬಟ್ಟೆ ಕೊಡಬೇಕು.