ಸಂಜೆ ಹೊತ್ತು ಬೇಣದ ಫೋಟೋ ಸಪ್ಪೆಯಾಗಿ ಬರುತ್ತಿದೆ, ಫ್ರೇಮ್ ಹೇಗೆ ಕಟ್ಟಬೇಕು?

ಬೇಣದಂಚು

ನಮ್ಮದು ಸಾಗರ ತಾಲ್ಲೂಕು. ಮನೆ ಹಿಂದಿನ ಗುಡ್ಡದ ಮೇಲೆ ಬೇಣ, ಅಂದರೆ ಹುಲ್ಲುಗಾವಲು, ಇದೆ. ಈಗ ಡಿಸೆಂಬರ್ ಶುರು. ಕರಡ ಹುಲ್ಲು ಸೊಂಟದವರೆಗೆ ಬೆಳೆದು, ಒಣಗಿ, ಹೊಂಬಣ್ಣಕ್ಕೆ ತಿರುಗಿದೆ. ಆರು ಗಂಟೆ ಸುಮಾರಿಗೆ ಸೂರ್ಯ ಇಳಿಯುವಾಗ ಇಡೀ ಗುಡ್ಡ ಹೊಳೆಯುತ್ತದೆ. ಫೋಟೋದಲ್ಲಿ ಮಾತ್ರ ಅದು ಬರುತ್ತಿಲ್ಲ. ಮೇಲರ್ಧ ಕೇಸರಿ ಆಕಾಶ, ಕೆಳಗರ್ಧ ಕಪ್ಪು, ನಡುವೆ ಚುಕ್ಕೆಯಷ್ಟು ಸೂರ್ಯ. ಎಡಿಟ್ ಮಾಡುವಾಗ ಕಪ್ಪು ಭಾಗವನ್ನು ಎತ್ತಿದರೆ ಹುಲ್ಲು ಕಾಣುತ್ತದೆ. ಆದರೂ ಕಣ್ಣು ನಿಲ್ಲುವಂಥದ್ದು ಏನೂ ಇಲ್ಲ.

ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರಿನ) ಕ್ಯಾಮೆರಾ, 18–55 ಮಿ.ಮೀ. ಲೆನ್ಸ್, ದೂರದ್ದನ್ನು ಹತ್ತಿರ ತರುವ ಒಂದು ಹಳೆಯ 55–250, ಟ್ರೈಪಾಡ್ ಇವೆ. ನಿಂತುಕೊಂಡೇ 18ರಲ್ಲಿ ತೆಗೆಯುತ್ತೇನೆ. ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 100. ಬೇಣದ ನೆತ್ತಿಯಲ್ಲಿ ಒಂದು ನೆಲ್ಲಿಮರ ಇದೆ. ಕೆಳಗೆ ದಣಪೆ (ಬೇಲಿಯ ಬಾಗಿಲು), ಅಲ್ಲಿಂದ ಮೇಲಕ್ಕೆ ಕಾಲುದಾರಿ. ಅಗಳದ (ಕಂದಕದ) ಆಚೆ ಸಂಜೆ ದನ ಮನೆಗೆ ಹೋಗುತ್ತವೆ. ಇವನ್ನೆಲ್ಲ ಸೇರಿಸಲು ಹೋದಷ್ಟೂ ಫೋಟೋ ಗೋಜಲಾಗುತ್ತದೆ. ಇನ್ನೊಂದು ವಾರ ಕಳೆದರೆ ಕರಡ ಕೊಯ್ಯಲು ಶುರು ಮಾಡುತ್ತಾರೆ. ಅಷ್ಟರೊಳಗೆ ಏನು ಬದಲಾಯಿಸಿ ನೋಡಲಿ?

ಸಂಜೆಬೆಳಕು

ಸೆಟ್ಟಿಂಗ್ ಬಗ್ಗೆ ಆಮೇಲೆ ಮಾತಾಡೋಣ. ಮೊದಲು ಕ್ಯಾಮೆರಾ ಕೆಳಗಿಳಿಸಿ.

ಸೂರ್ಯನಿಗೆ ಎದುರಾಗಿ ನಿಂತಾಗ ನಿಮ್ಮ ಕಡೆಗೆ ಇರುವುದು ಹುಲ್ಲಿನ ನೆರಳಿನ ಮಗ್ಗುಲು. ಎದೆಮಟ್ಟದಿಂದ ಕೆಳಗೆ ನೋಡುವ ಕ್ಯಾಮೆರಾಕ್ಕೆ ಆ ನೆರಳೇ ಸಿಗುತ್ತದೆ. ಕೆಳಗರ್ಧ ಕಪ್ಪಾಗುವುದು ಅದಕ್ಕೇ. ಟ್ರೈಪಾಡ್ ಕಾಲು ಅಗಲಿಸಿ ತೊಡೆಮಟ್ಟಕ್ಕೆ ತನ್ನಿ. ಮುಂದಿನ ಸಾಲಿನ ತೆನೆಗಳು ಗುಡ್ಡದ ಗೆರೆ ದಾಟಿ ಆಕಾಶಕ್ಕೆ ತಲೆ ಎತ್ತಬೇಕು. ಆಗ ಬೆಳಕು ತೆನೆಯನ್ನು ತೂರಿಕೊಂಡು ಬರುತ್ತದೆ. ತೆನೆಯ ಮೈಮೇಲಿನ ಸಣ್ಣ ರೋಮ, ತುದಿಯ ಮುಳ್ಳಿನಂಥ ಎಳೆ, ಒಣಗಿ ಸುರುಳಿ ಸುತ್ತಿದ ಗರಿಯ ಅಂಚು ಎಲ್ಲಕ್ಕೂ ಚಿನ್ನದ ಗೆರೆ ಎಳೆದಂತಾಗುತ್ತದೆ. ನಿಮ್ಮ ಕಣ್ಣಿಗೆ ಕಂಡ ಹೊಳಪು ಇದೇ.

ಇನ್ನೊಂದು. ನೆತ್ತಿಯ ಮೇಲೆ ನಿಲ್ಲಬೇಡಿ. ಪೂರ್ವದ ಇಳಿಜಾರಿನಲ್ಲಿ ಸ್ವಲ್ಪ ಕೆಳಗೆ ನಿಂತು ಮೇಲಕ್ಕೆ ನೋಡಿ. ಅಲ್ಲಿ ಸೂರ್ಯ ನಿಜವಾಗಿ ಮುಳುಗುವ ಮೊದಲೇ ನೆತ್ತಿಯ ಹಿಂದೆ ಮರೆಯಾಗುತ್ತಾನೆ. ಬೆಳಕು ಇನ್ನೂ ಜೋರಾಗಿರುವಾಗಲೇ ಸೂರ್ಯ ಫ್ರೇಮಿನಿಂದ ಆಚೆ ಹೋಗುವುದರಿಂದ ಕ್ಯಾಮೆರಾಕ್ಕೂ ಸುಲಭ. ನೆತ್ತಿಯ ಹುಲ್ಲು ಮಾತ್ರ ಉರಿಯುತ್ತಿರುತ್ತದೆ.

ಆಕಾಶಕ್ಕೆ ಅರ್ಧ, ನೆಲಕ್ಕೆ ಅರ್ಧ ಅಂತ ಹಂಚಬೇಡಿ. ಡಿಸೆಂಬರಿನಲ್ಲಿ ಎಷ್ಟೋ ಸಂಜೆ ಮೋಡವೇ ಇರುವುದಿಲ್ಲ. ಖಾಲಿ ಆಕಾಶಕ್ಕೆ ಕಾಲು ಭಾಗ ಜಾಸ್ತಿಯೇ ಆಯಿತು. ಮೋಡ ಚೆನ್ನಾಗಿ ಹರಡಿದ ದಿನ ಲೆಕ್ಕ ಉಲ್ಟಾ ಮಾಡಿ.

ಕಡೆಗೆ ಒಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಸಾಗರದವರು. ಮಂಗನ ಕಾಯಿಲೆ ಮೊದಲು ಗೊತ್ತಾದದ್ದೇ ಪಕ್ಕದ ಸೊರಬದ ಕ್ಯಾಸನೂರಿನಲ್ಲಿ, 1957ರಲ್ಲಿ. ಡಿಸೆಂಬರಿನಿಂದ ಮೇ ತನಕ ಅದರ ಕಾಲ, ಹರಡುವುದು ಉಣ್ಣಿಯಿಂದ. ಫೋಟೋಗೋಸ್ಕರ ಹುಲ್ಲಿನಲ್ಲಿ ಮಲಗಬೇಡಿ. ತಿರುಗಿಸುವ ಸ್ಕ್ರೀನ್ ಇದ್ದರೆ ಅದನ್ನು ಬಿಚ್ಚಿಕೊಂಡು ಬಗ್ಗಿ ನೋಡಿದರೆ ಸಾಕು. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಆರೋಗ್ಯ ಇಲಾಖೆ ಹಂಚುವ ಎಣ್ಣೆ ಹಚ್ಚಿಕೊಳ್ಳಿ. ಮನೆಗೆ ಬಂದ ತಕ್ಷಣ ಬಿಸಿನೀರು, ಸೋಪಿನಲ್ಲಿ ಸ್ನಾನ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ.

ಓರೆಗಣ್ಣು

ಮೇಲಿನದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಎಲ್ಲರೂ ಸೂರ್ಯನ ಕಡೆಗೇ ಕ್ಯಾಮೆರಾ ತಿರುಗಿಸಬೇಕು ಅಂತ ಯಾಕೆ? ಒಂದು ಸಂಜೆ ಸೂರ್ಯನನ್ನು ಎಡಭುಜಕ್ಕೆ ಇಟ್ಟುಕೊಂಡು ಉತ್ತರದ ಕಡೆ ತೆಗೆದು ನೋಡಿ. ಅಡ್ಡ ಬೆಳಕಿನಲ್ಲಿ ಹುಲ್ಲಿನ ಒಂದು ಮಗ್ಗುಲು ಬೆಳಗಿ, ಇನ್ನೊಂದು ನೆರಳಾಗಿರುತ್ತದೆ. ಗುಡ್ಡದ ಏರಿಳಿತ ಎದ್ದು ಕಾಣುತ್ತದೆ. ಕಾಲುದಾರಿ ಕೆಲಸಕ್ಕೆ ಬರುವುದು ಆಗಲೇ, ಏಕೆಂದರೆ ದಾರಿಯ ತಗ್ಗಿನಲ್ಲಿ ನೆರಳು ನಿಂತು ಅದು ಕಡುಬಣ್ಣದ ಗೆರೆಯಾಗುತ್ತದೆ. ದಣಪೆಯ ಪಕ್ಕದಿಂದ ಶುರುವಾಗಿ ಫ್ರೇಮಿನೊಳಗೆ ಹೋಗಲಿ. ದಾರಿ ಮೂಲೆಗೇ ಸರಿಯಾಗಿ ಬಂದು ಸೇರಬಾರದು, ಸ್ವಲ್ಪ ಒಳಗಿರಲಿ.

ಸೂರ್ಯ ಮುಳುಗಿದ ಮೇಲೆ ಹತ್ತು ಹದಿನೈದು ನಿಮಿಷ ಪೂರ್ವಕ್ಕೆ ತಿರುಗಿ. ಕೆಳಗೆ ನೀಲಿ-ಬೂದು ಪಟ್ಟಿ, ಅದರ ಮೇಲೆ ನಸುಗೆಂಪು ಪಟ್ಟಿ ಏಳುತ್ತದೆ. ಕೆಳಗಿನದು ಭೂಮಿಯದ್ದೇ ನೆರಳು. ಒಣ ಕರಡದ ಬಣ್ಣಕ್ಕೆ ಇಷ್ಟು ಚೆನ್ನಾಗಿ ಹೊಂದುವ ಆಕಾಶ ಬೇರೆ ಇಲ್ಲ, ಮತ್ತು ಆಗ ಹುಲ್ಲಿಗೂ ಆಕಾಶಕ್ಕೂ ಬೆಳಕಿನ ವ್ಯತ್ಯಾಸ ಕಡಿಮೆ.

ಸೂರ್ಯ ಯಾಕೆ ಚುಕ್ಕೆಯಾಗುತ್ತಾನೆ ಅಂದರೆ ಅವನ ಅಗಲ ಅರ್ಧ ಡಿಗ್ರಿ ಅಷ್ಟೇ. ನಿಮ್ಮ 18ರಲ್ಲಿ ಫ್ರೇಮಿನ ಅಗಲ ಸುಮಾರು 65 ಡಿಗ್ರಿ. 250ರಲ್ಲಿ 5 ಡಿಗ್ರಿ ಚಿಲ್ಲರೆ. ದೊಡ್ಡ ಸೂರ್ಯ ಬೇಕಾದರೆ ಹಳೆಯ ಲೆನ್ಸ್ ಹಾಕಿ, ನೆಲ್ಲಿಮರದಿಂದ ದೂರ ಹೋಗಿ. 100 ಮೀಟರ್ ದೂರದಿಂದ ನೋಡಿದರೆ ಮರದ ಪಕ್ಕ ಸೂರ್ಯನ ಅಗಲ ಸುಮಾರು ಮೂರು ಅಡಿ. 200 ಮೀಟರಿನಿಂದ ಆರು ಅಡಿ. ಮರ ಇದ್ದಷ್ಟೇ ಇರುತ್ತದೆ, ಸೂರ್ಯ ಅದರ ಮುಂದೆ ಬೆಳೆಯುತ್ತಾ ಹೋಗುತ್ತಾನೆ. ಇದನ್ನು ಲೈವ್ ವ್ಯೂನಲ್ಲೇ, ಅಂದರೆ ಹಿಂದಿನ ಸ್ಕ್ರೀನ್ ನೋಡಿಕೊಂಡೇ ಮಾಡಿ. ಟೆಲಿ ಲೆನ್ಸ್ ಹಾಕಿ ವ್ಯೂಫೈಂಡರಿನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ.

ಬೇಣದಂಚು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕ್ಯಾಮೆರಾ ಇಳಿಸಿದ್ದಕ್ಕೇ ಫೋಟೋ ಪೂರ್ತಿ ಬೇರೆಯಾಯಿತು. ಕಪ್ಪು ಇದ್ದ ಕಡೆ ಈಗ ಬೆಳಕಿದೆ. ಆದರೆ ಮೂರು ತೊಡಕು. ಹತ್ತಿರದ ತೆನೆ ಶಾರ್ಪ್ ಆದರೆ ಮರ ಮಂಕು, ಮರ ಶಾರ್ಪ್ ಆದರೆ ತೆನೆ ಮಂಕು. ಗಾಳಿ ಬೀಸಿದರೆ ತೆನೆ ಎಳೆದಂತೆ ಬರುತ್ತದೆ. ಇನ್ನು ಕ್ಯಾಮೆರಾ ಕೆಳಗಿಟ್ಟಾಗ ನೆಲ್ಲಿಮರದ ಕೊಂಬೆಯೂ ಮುಂದಿನ ಹುಲ್ಲೂ ಒಂದರ ಮೇಲೊಂದು ಬಂದು ಗಿಜಿಗಿಜಿ ಅನ್ನಿಸುತ್ತದೆ.

ಸಂಜೆಬೆಳಕು

18ರಲ್ಲಿ ಎಫ್/11 ಇಟ್ಟು, ಆಟೊ ಫೋಕಸ್ ಆರಿಸಿ, ಒಂದೂವರೆ ಮೀಟರ್ ದೂರದ ತೆನೆಗೆ ಕೈಯಲ್ಲೇ ಫೋಕಸ್ ಮಾಡಿ. ಕ್ರಾಪ್ ಸೆನ್ಸರಿನಲ್ಲಿ ಮುಕ್ಕಾಲು ಮೀಟರಿನಿಂದ ಹಿಡಿದು ಕಾಣುವಷ್ಟು ದೂರದವರೆಗೆ ಸಾಕಷ್ಟು ಸ್ಪಷ್ಟ ಇರುತ್ತದೆ. ಮುಕ್ಕಾಲು ಮೀಟರಿಗಿಂತ ಹತ್ತಿರ ಹುಲ್ಲು ಬರದಂತೆ ಟ್ರೈಪಾಡ್ ಇಡಿ. ಹುಲ್ಲು ಮುರಿಯುವುದು ಬೇಡ, ಜಾಗ ಬದಲಾಯಿಸಿ.

ಗಾಳಿಗೆ ಟ್ರೈಪಾಡ್ ಪ್ರಯೋಜನವಿಲ್ಲ, ಅಲುಗುವುದು ಹುಲ್ಲು ಅಲ್ವಾ. ಶಟರ್ 1/125 ಸೆಕೆಂಡಿಗಿಂತ ನಿಧಾನ ಆಗಲು ಬಿಡಬೇಡಿ. ಬೆಳಕು ಇಳಿದಂತೆ ಐಎಸ್‌ಒ 400, 800ಕ್ಕೆ ಏರಿಸಿ. ಸ್ವಲ್ಪ ನಾಯ್ಸ್ ಬಂದರೂ ಪರವಾಗಿಲ್ಲ, ಎಳೆದಾಡಿದ ತೆನೆಯನ್ನು ಆಮೇಲೆ ಸರಿ ಮಾಡಲಾಗದು.

ಗಿಜಿಗಿಜಿ ಬಗ್ಗೆ: ಕ್ಯಾಮೆರಾವನ್ನು ಒಂದೊಂದು ಗೇಣು ಮೇಲೆತ್ತುತ್ತಾ ನೋಡಿ. ಮರದ ಬುಡ ಹುಲ್ಲಿನ ತುದಿಯಿಂದ ಬಿಡಿಸಿಕೊಳ್ಳುವ ಒಂದು ಎತ್ತರ ಇರುತ್ತದೆ. ಅಲ್ಲಿ ನಿಲ್ಲಿಸಿ. ಆಮೇಲೆ ಎಡಕ್ಕೋ ಬಲಕ್ಕೋ ಎರಡು ಹೆಜ್ಜೆ ಸರಿದು, ಮರದ ಹಿಂದೆ ಖಾಲಿ ಆಕಾಶ ಬರುವಂತೆ ಮಾಡಿ. ದನಕ್ಕೂ ಇದೇ. ಎರಡು ದನ ಒಂದಕ್ಕೊಂದು ಅಂಟಿದಂತೆ ಇದ್ದಾಗ ಒತ್ತಬೇಡಿ, ನಡುವೆ ಬೆಳಕು ಕಂಡಾಗ ಒತ್ತಿ. ಮರ, ದಣಪೆ, ದನ ಮೂರನ್ನೂ ಒಂದೇ ಫೋಟೋಕ್ಕೆ ತುಂಬಬೇಡಿ. ನನ್ನ ಮಟ್ಟಿಗೆ ನಿಮ್ಮ ಫೋಟೋದ ನಾಯಕ ಕರಡ. ಮರ ಅದಕ್ಕೆ ಜೊತೆ ಅಷ್ಟೇ, ಸಣ್ಣದಾಗಿ ಬಲಗಡೆ ಇದ್ದರೆ ಸಾಕು.

ಓರೆಗಣ್ಣು

ಮರ ಬಲಗಡೆಯೇ ಇರಬೇಕು ಅಂತೇನಿಲ್ಲ. ಹುಲ್ಲು ಗಾಳಿಗೆ ಯಾವ ಕಡೆ ಬಾಗಿದೆ ನೋಡಿ, ಬಾಗಿದ ಕಡೆ ಜಾಗ ಬಿಡಿ. ಮುಖ್ಯವಾದದ್ದನ್ನು ಫ್ರೇಮಿನ ಮೂರನೇ ಒಂದು ಭಾಗದ ಗೆರೆಯಲ್ಲಿ ಇಡಬೇಕು ಅನ್ನುವ ನಿಯಮಕ್ಕಿಂತ ಅದು ಮುಖ್ಯ.

ಜೊತೆಗೆ, ಸೂರ್ಯನಿಗೆ ಎದುರಾಗಿ ತೆಗೆಯುವಾಗ ಯುವಿ ಫಿಲ್ಟರ್ ಬಿಚ್ಚಿಡಿ, ಲೆನ್ಸ್ ಒರೆಸಿ. ಬೆರಳಚ್ಚು ಇದ್ದರೂ ಫೋಟೋ ಮಬ್ಬಾಗುತ್ತದೆ. ದಿಗಂತದ ಹತ್ತಿರ ನಮ್ಮ ಕಡೆ ಸೂರ್ಯ ತನ್ನ ಅಗಲದಷ್ಟು ಇಳಿಯಲು ಎರಡು ನಿಮಿಷಕ್ಕಿಂತ ತುಸು ಜಾಸ್ತಿ ಸಾಕು. ಜಾಗವನ್ನು ಅರ್ಧ ಗಂಟೆ ಮೊದಲೇ ಗಟ್ಟಿ ಮಾಡಿಕೊಳ್ಳಿ.

ಬೇಣದಂಚು

ಫೋಕಸ್ ಸರಿಯಾಯಿತು. ಐಎಸ್‌ಒ 640ರಲ್ಲಿ ತೆನೆಯ ಎಳೆ ಎಳೆಯೂ ಬಂದಿದೆ. ಒಂದು ಪ್ರಶ್ನೆ ಉಳಿಯಿತು: ಮರದ ಹಿಂದೆಯೇ ಸೂರ್ಯ ಬರುವ ಫೋಟೋವನ್ನು ಮಾರ್ಚ್‌ನಲ್ಲೂ ಅದೇ ಜಾಗದಿಂದ ತೆಗೆಯಬಹುದಾ?

ಓರೆಗಣ್ಣು

ಆಗುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ನಿಮ್ಮಲ್ಲಿ ಸೂರ್ಯ ಮುಳುಗುವುದು ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ. ಮಾರ್ಚ್ 20ರ ಹೊತ್ತಿಗೆ ನೇರ ಪಶ್ಚಿಮಕ್ಕೆ ಬಂದಿರುತ್ತಾನೆ. 200 ಮೀಟರ್ ದೂರದಲ್ಲಿ ಅದು ಸುಮಾರು 85 ಮೀಟರ್ ಪಕ್ಕಕ್ಕೆ ಹೋದ ಹಾಗೆ. ಆಗ ನೀವು ಈಗಿನ ಜಾಗದಿಂದ ದಕ್ಷಿಣಕ್ಕೆ ಅಷ್ಟು ಸರಿದು ನಿಲ್ಲಬೇಕು. ಅಲ್ಲಿ ಮಧ್ಯೆ ಬೇರೆ ಮರ ಅಡ್ಡ ಬರುತ್ತದಾ ಅಂತ ಈಗಲೇ ಒಮ್ಮೆ ನಡೆದು ನೋಡಿ ಬನ್ನಿ.