‘ಹಾರ್ಟ್ ಫೇಲ್ಯೂರ್’ಗೆ ಕನ್ನಡ ಪದ: ಇವತ್ತು ಸಂಜೆಯೊಳಗೆ ಬೇಕು

ನಮಸ್ಕಾರ. ಬಿಪಿಗೂ ಹಾರ್ಟ್ ಫೇಲ್ಯೂರ್‌ಗೂ ಔಷಧಿ ತಗೊಳ್ಳುವವರಿಗಾಗಿ ಒಂದು ಪುಟದ ಸೂಚನೆ ಅನುವಾದಿಸುತ್ತಿದ್ದೇನೆ. ‘ಹೃದಯ ವೈಫಲ್ಯ’ ಅಂತ ಬರೆದೆ. ಓದಿದ ನಮ್ಮತ್ತೆ, “ಹೃದಯವೇ ನಿಂತ ಮೇಲೆ ಮಾತ್ರೆ ಯಾರಿಗಪ್ಪಾ?” ಅಂದುಬಿಟ್ಟರು. ನಿಜ ಅಲ್ವಾ? ಇಲ್ಲಿ ಹೃದಯ ನಿಂತಿರುವುದಿಲ್ಲ. ಮೈಗೆ ಬೇಕಾದಷ್ಟು ರಕ್ತ ತಳ್ಳಲು ಅದಕ್ಕೆ ಆಗುವುದಿಲ್ಲ, ಅಷ್ಟೆ. ಅದಕ್ಕೇ ಕಾಲು ಊದುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ‘ಹೃದಯಾಘಾತ’ ಬೇರೆ, ‘ಹೃದಯ ಸ್ತಂಭನ’ ಬೇರೆ. ಇದಕ್ಕೇನು ಹೇಳೋಣ? ‘ಡೈಯುರೆಟಿಕ್’ಗೂ ಒಂದು ಪದ ಕೊಡಿ. ‘ಮೂತ್ರವರ್ಧಕ’ ಯಾರ ಬಾಯಲ್ಲೂ ಕೇಳಿಲ್ಲ.

ಮರುಓಲೆ:
‘ಔಷಧಿ’ ಅಂದರೆ ಗಿಡಮೂಲಿಕೆ. ನೀವು ಹೇಳುತ್ತಿರುವುದು ‘ಔಷಧ’. ಎರಡೂ ಬೇಡ, ‘ಮದ್ದು’ ಇದೆಯಲ್ಲ. ‘ಗುಂಡಿಗೆ’ ಇರುವಾಗ ‘ಹೃದಯ’ ಯಾಕೆ? ‘ಗುಂಡಿಗೆ ಸೋಲು’ ಅನ್ನಿ. ‘ರಕ್ತದೊತ್ತಡ’ ಅರಿಸಮಾಸ, ಅಂದರೆ ಸಂಸ್ಕೃತ–ಕನ್ನಡ ಪದಗಳ ಕೂಡದ ಬೆರಕೆ; ‘ನೆತ್ತರೊತ್ತಡ’ ಸರಿ. ‘ಮಾತ್ರೆ’ ಬಿಟ್ಟು ಅಚ್ಚಗನ್ನಡದ ‘ಗುಳಿಗೆ’ ಬಳಸಿ.

ಮರುಓಲೆ:
ಅರಿಸಮಾಸ ಎಲ್ಲಿದೆ ಸ್ವಾಮಿ? ರಕ್ತದ + ಒತ್ತಡ. ಷಷ್ಠಿಯ ‘ದ’ ಎದುರಿಗೇ ಕೂತಿದೆ. ಬರೀ ಲೋಪಸಂಧಿ. ನಿಮ್ಮ ಅಚ್ಚಗನ್ನಡದ ‘ಗುಳಿಗೆ’ ಸಂಸ್ಕೃತದ ‘ಗುಲಿಕಾ’ದ ತದ್ಭವ. ‘ಗುಂಡಿಗೆ ಸೋಲು’ ಅಂದರೆ ಹೆದರುಪುಕ್ಕಲ ಅಂತ ತಿಳಿದಾರು.

ಮರುಓಲೆ:
ನಾನು ದಿನವೂ ಈ ಮಾತ್ರೆಗಳನ್ನು ಎಣಿಸಿ ಕೊಡುವವನು. ಡೈಯುರೆಟಿಕ್‌ಗೆ ಎಲ್ಲರೂ ಹೇಳುವುದು ‘ಯೂರಿನ್ ಹೋಗೋ ಮಾತ್ರೆ’. ಅದನ್ನೇ ಬರೆಯಿರಿ. ಬೆಳಗ್ಗೆ ಯಾಕೆ ತಗೊಳ್ಳಬೇಕು ಅಂತ ಬೇರೆ ವಿವರಿಸಬೇಕಾಗಿಲ್ಲ, ರಾತ್ರಿ ನಾಲ್ಕು ಸಲ ಏಳಲು ಯಾರಿಗೆ ಇಷ್ಟ? ನನಗೆ ಚಿಂತೆ ಬೇರೆ ಪದದ್ದು. ‘ಬಿಪಿ ಗುಣವಾಗಿದೆ’ ಅಂತ ಮಾತ್ರ ಬರೆಯಬೇಡಿ. 120/80 ಬಂತು, ವಾಸಿಯಾಯಿತು ಅಂತ ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ. ಆ ಅಂಕಿ ಬಂದದ್ದೇ ಮಾತ್ರೆಯಿಂದ. ‘ಹತೋಟಿಯಲ್ಲಿದೆ’ ಅನ್ನಿ. ಹಾಗೇ, ಎನಲಾಪ್ರಿಲ್, ರಾಮಿಪ್ರಿಲ್ ಅನ್ನೋ ಬಿಪಿ, ಹಾರ್ಟ್ ಮಾತ್ರೆ ತಗೊಳ್ಳುವವರಲ್ಲಿ ಕೆಲವರಿಗೆ ಒಣಕೆಮ್ಮು ಬರುತ್ತದೆ. ಅಲ್ಲಿ ‘ನಿಲ್ಲಿಸಿ’ ಬೇಡ, ‘ಡಾಕ್ಟರಿಗೆ ತಿಳಿಸಿ’ ಅಂತ ಹಾಕಿ.

ಮರುಓಲೆ:
‘ಯೂರಿನ್’! ಕನ್ನಡ ಸತ್ತಿತು.

ಮರುಓಲೆ:
ನಿಮ್ಮ ‘ನೆತ್ತರೊತ್ತಡ’ ಓದಿ ರೋಗಿ ಸಾಯದಿದ್ದರೆ ಸಾಕು.

ಮರುಓಲೆ:
ಎಲ್ಲರಿಗೂ ಥ್ಯಾಂಕ್ಸ್. ‘ಹೃದಯದ ಬಲ ಕುಂದುವುದು’ ಅಂತ ಹಾಕಿ, ಪಕ್ಕದಲ್ಲೇ ‘ಡಾಕ್ಟರು ಹಾರ್ಟ್ ಫೇಲ್ಯೂರ್ ಅನ್ನುತ್ತಾರೆ, ಹೃದಯ ನಿಂತಿದೆ ಅಂತಲ್ಲ’ ಎಂದು ಸೇರಿಸಿದೆ. ಅತ್ತೆ ಒಪ್ಪಿದರು. ಪುಟ ಪ್ರೆಸ್ಸಿಗೆ ಹೋಯಿತು.

ಮರುಓಲೆ:
‘ಬಲ’ ಸಂಸ್ಕೃತ. ‘ಕಸುವು’ ಇತ್ತು.