ಸಜ್ಜಾ ಕೆಳಗೆ ಕಣಜ, ಕಾಫಿ ಗಿಡದಲ್ಲಿ ಕಡಜ: ಯಾವುದನ್ನು ತೆಗೆಸಬೇಕು? ಚುಚ್ಚಿದರೆ ಏನು ಮಾಡಬೇಕು?

ತೋಟದಂಚು:
ಅಡುಗೆಮನೆ ಕಿಟಕಿಯ ಸಜ್ಜಾ ಅಡಿಯಲ್ಲಿ ಅಂಗೈಯಗಲದ ಗೂಡು ಇದೆ. ಮೇಲೆ ಹೊದಿಕೆ ಇಲ್ಲ, ಕಣ್ಣುಕಣ್ಣು ನೇರ ಕಾಣುತ್ತೆ. 30 ಹುಳ ಇರಬಹುದು. ತೋಟದ ಬೇಲಿ ಪಕ್ಕದ ಕಾಫಿ ಗಿಡದಲ್ಲಿ ಇನ್ನೊಂದಿದೆ, ಫುಟ್‌ಬಾಲ್ ಗಾತ್ರದ್ದು. ಬೂದು-ಕಂದು ಪಟ್ಟೆಯ ಕಾಗದ ಸುತ್ತಿದ ಹಾಗಿದೆ, ಓಡಾಡೋಕೆ ಒಂದೇ ತೂತು. ಮುಂದಿನ ವಾರ ವೀಡ್ ಕಟರ್ ಹೊಡೆಸಬೇಕು. ಎರಡನ್ನೂ ರಾತ್ರಿ ದೊಂದಿ ಹಿಡಿದು ಸುಡಬಹುದಾ? ಸುಮ್ಮನೆ ಹೋಗುವವರಿಗೂ ಇವು ಯಾಕೆ ಚುಚ್ಚುತ್ತವೆ? ಚುಚ್ಚಿದ ಜಾಗಕ್ಕೆ ಸುಣ್ಣ ಹಚ್ಚುವುದು ಸರಿಯಾ? ಮನೆಯಲ್ಲಿ ವಯಸ್ಸಾದವರೂ ನಾಲ್ಕು ವರ್ಷದ ಮಗುವೂ ಇದ್ದಾರೆ.

ಹುಳಹುಪ್ಪಟೆ:
ಸರ್, ಎರಡೂ ಬೇರೆ ಬೇರೆ ಹುಳ, ಎರಡಕ್ಕೂ ಒಂದೇ ಲೆಕ್ಕ ಹಾಕಬೇಡಿ. ಹೆಸರು ಊರೂರಿಗೆ ಬದಲಾಗುತ್ತೆ. ಇಲ್ಲಿ ಸಣ್ಣದನ್ನು ಕಣಜ, ದೊಡ್ಡದನ್ನು ಕಡಜ ಅಂತಲೇ ಬರೆಯುತ್ತೇನೆ.

ಸಜ್ಜಾ ಅಡಿಯದ್ದು ಕಾಗದದ ಗೂಡಿನ ಕಣಜ. ಕಟ್ಟಿಗೆಯ ನಾರು ಕೆರೆದು, ಎಂಜಲಲ್ಲಿ ಅಗಿದು ಗೂಡು ಕಟ್ಟುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ದಶಕಗಳ ಕಾಲ ಅಭ್ಯಾಸ ಮಾಡಿದ ರೊಪಾಲಿಡಿಯಾ ಮಾರ್ಜಿನೇಟಾ ಈ ಗುಂಪಿನದೇ. ಮರಿಗಳಿಗೆ ಉಣಿಸಲು ಇವು ಹಿಡಿಯುವುದು ಕಂಬಳಿಹುಳ ಮತ್ತಿತರ ಕೀಟಗಳನ್ನು. ಹಾಗಾಗಿ ತೋಟಕ್ಕೆ ಉಪಕಾರಿ. ಕಾಫಿ ಗಿಡದ್ದು ಕಡಜ. ಮೈ ಕಪ್ಪಗಿದ್ದು ಹೊಟ್ಟೆಯ ಮುಂಭಾಗಕ್ಕೆ ಅಗಲವಾದ ಹಳದಿ ಪಟ್ಟಿ ಇದ್ದರೆ ಬಹುತೇಕ ವೆಸ್ಪಾ ಅಫಿನಿಸ್. ನಿಜವಾಗಿ ಹೆದರಬೇಕಾದ್ದು ಇದಕ್ಕೆ.

ಸುಮ್ಮನೆ ಚುಚ್ಚುತ್ತವೆ ಅಂತ ನಮಗೆ ಅನಿಸುತ್ತೆ, ಅಷ್ಟೇ. ಹೂವಿನ ಮೇಲೋ ನೀರಿನ ಅಂಚಲ್ಲೋ ಇರುವ ಕಣಜ ನಿಮ್ಮನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಕೈಯಲ್ಲಿ ಒತ್ತಿಹೋದರೆ ಮಾತ್ರ ಚುಚ್ಚುತ್ತೆ. ಗೂಡಿನ ಹತ್ತಿರ ಹಾಗಲ್ಲ. ಗೂಡು ನೇತಾಡುವ ರೆಂಬೆ ಅಲುಗಿದರೆ ಸಾಕು, ಕಾವಲಿನ ಹುಳ ಎದ್ದೇಳುತ್ತೆ. ಮುಖಕ್ಕೆ ತಾಗುವ ಉಸಿರು, ಬೀಸುವ ಕೈ, ಕಪ್ಪು ಬಟ್ಟೆ ಅದನ್ನು ಇನ್ನಷ್ಟು ಕೆರಳಿಸುತ್ತವೆ. ಕಡಜದ ವಿಷದಲ್ಲೇ ಅಪಾಯ ಸಾರುವ ವಾಸನೆ ಇರುತ್ತೆ. ಒಂದು ಚುಚ್ಚಿದರೆ, ಅಥವಾ ಒಂದನ್ನು ಹೊಡೆದು ಜಜ್ಜಿದರೆ, ಉಳಿದವಕ್ಕೆ ಕರೆ ಹೋದ ಹಾಗೇ. ವೀಡ್ ಕಟರ್ ಹಿಡಿದವರು ಸಿಕ್ಕಿಬೀಳುವುದೂ ಇಲ್ಲೇ: ಬ್ಲೇಡು ಬುಡಕ್ಕೆ ತಾಗಿ ಗಿಡ ಅದುರುತ್ತೆ, ಎಂಜಿನ್ ಸದ್ದಿನಲ್ಲಿ ಹುಳದ ಗುಂಯ್ ಕೇಳಿಸುವುದೇ ಇಲ್ಲ.

ಕೊಂಡಿ ಇರುವುದು ಹೆಣ್ಣಿಗೆ ಮಾತ್ರ, ಅದು ಮೊಟ್ಟೆಯಿಡುವ ಕೊಳವೆಯೇ ಮಾರ್ಪಟ್ಟದ್ದು. ಒಳಗೆ ಎರಡು ಸಣ್ಣ ಸೂಜಿಗಳು ಒಂದಾದ ಮೇಲೊಂದು ಜಾರುತ್ತಾ ಚರ್ಮದೊಳಗೆ ಇಳಿಯುತ್ತವೆ. ಜೇನುಹುಳದ ಸೂಜಿಯ ಗರಗಸದ ಹಲ್ಲು ದೊಡ್ಡದು, ನಮ್ಮ ಚರ್ಮದಲ್ಲಿ ಸಿಕ್ಕಿ ವಿಷದ ಚೀಲದ ಸಮೇತ ಕಿತ್ತು ಬರುತ್ತೆ. ಕಣಜ, ಕಡಜಗಳ ಹಲ್ಲು ಸಣ್ಣದು, ಸಲೀಸಾಗಿ ಹೊರಬರುತ್ತೆ. ಅದಕ್ಕೇ ಒಂದೇ ಹುಳ ನಾಲ್ಕೈದು ಸಲ ಚುಚ್ಚಬಲ್ಲದು. ಗಾಯದಲ್ಲಿ ಮುಳ್ಳು ಉಳಿದಿದ್ದರೆ ಚುಚ್ಚಿದ್ದು ಜೇನು ಅಂತಲೇ ತಿಳಿಯಿರಿ. ಉಗುರಲ್ಲಾದರೂ ಸರಿ, ತಕ್ಷಣ ತೆಗೆಯಿರಿ.

ತುರ್ತುಕೋಣೆ:
ಸುಣ್ಣ ಬೇಡವೇ ಬೇಡ. ವಿಷ ಚರ್ಮದ ಒಳಗೆ ಇಳಿದಿರುತ್ತೆ, ಮೇಲೆ ಹಚ್ಚಿದ ಸುಣ್ಣ ಅಲ್ಲಿಗೆ ಮುಟ್ಟುವುದಿಲ್ಲ. ಮಗುವಿನ ತೆಳು ಚರ್ಮ ಸುಟ್ಟು ಗುಳ್ಳೆ ಏಳುತ್ತೆ, ಅಷ್ಟೇ ಲಾಭ. ಹುಣಸೆಹುಳಿ, ವಿನೆಗರ್ ಕಥೆಯೂ ಅದೇ.

ಮೊದಲು ಗೂಡಿನಿಂದ ದೂರ ಬನ್ನಿ. ಕೈ ಊದುವ ಮೊದಲೇ ಉಂಗುರ, ಬಳೆ ತೆಗೆಯಿರಿ. ಸೋಪಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸನ್ನು 10 ನಿಮಿಷ ಇಟ್ಟು, ಸ್ವಲ್ಪ ಬಿಟ್ಟು ಮತ್ತೆ ಇಡಿ. ತುರಿಕೆಗೆ ದೊಡ್ಡವರಿಗೆ ಸಿಟ್ರಿಜಿನ್ 10 ಮಿ.ಗ್ರಾಂ ದಿನಕ್ಕೊಂದು, ನೋವಿಗೆ ಪ್ಯಾರಾಸಿಟಮಾಲ್. ಮಗುವಿಗೆ ಡೋಸ್ ತೂಕದ ಮೇಲೆ, ವೈದ್ಯರನ್ನು ಕೇಳಿ. ಊತ ಎರಡನೇ ದಿನ ಹೆಚ್ಚಾಗುವುದು ಸಹಜ, ಅದನ್ನು ಕೀವು ಅಂದುಕೊಂಡು ಆಂಟಿಬಯೋಟಿಕ್ ನುಂಗಬೇಡಿ.

ಜೀವಕ್ಕೆ ಅಪಾಯ ತರುವುದು ಅಲರ್ಜಿ. ಕಾಲಿಗೆ ಚುಚ್ಚಿದ್ದರೂ ಹೊಟ್ಟೆ, ಕತ್ತಿನ ಮೇಲೆ ದದ್ದು ಎದ್ದರೆ, ದನಿ ಗೊಗ್ಗರಾದರೆ, ಉಸಿರು ಕಟ್ಟಿದರೆ, ವಾಂತಿ ಬಂದರೆ, ಕಣ್ಣು ಕತ್ತಲಿಟ್ಟರೆ 108ಕ್ಕೆ ಫೋನ್ ಮಾಡಿ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೇ ಶುರುವಾಗುತ್ತೆ. ಆಗ ಬೇಕಾದ್ದು ಅಡ್ರಿನಲಿನ್. ದೊಡ್ಡವರಿಗೆ 0.5 ಮಿ.ಗ್ರಾಂ, ತೊಡೆಯ ಹೊರಭಾಗದ ಮಾಂಸಕ್ಕೆ, ಕಡಿಮೆಯಾಗದಿದ್ದರೆ 5 ನಿಮಿಷಕ್ಕೆ ಇನ್ನೊಂದು. ಇದು ಆಸ್ಪತ್ರೆಯವರ ಕೆಲಸ. ಎವಿಲ್, ಡೆಕ್ಸಾ ಇಂಜೆಕ್ಷನ್ ಇದರ ಬದಲಿಗೆ ಆಗುವುದಿಲ್ಲ. ಸಣ್ಣ ಕ್ಲಿನಿಕ್ಕಿನಲ್ಲಿ ಅವೆರಡನ್ನೇ ಕೊಟ್ಟು ಕಳಿಸಲು ಹೊರಟರೆ ಅಡ್ರಿನಲಿನ್ ಬಗ್ಗೆ ಬಾಯಿಬಿಟ್ಟು ಕೇಳಿ. ಆಂಬುಲೆನ್ಸ್ ಬರುವವರೆಗೆ ಮಲಗಿಸಿ ಕಾಲು ಎತ್ತರಿಸಿ, ಎಬ್ಬಿಸಿ ನಡೆಸಬೇಡಿ. ಉಸಿರಿಗೆ ಕಷ್ಟವಾದರೆ ಮಾತ್ರ ಕೂರಿಸಿ.

ಹತ್ತಕ್ಕಿಂತ ಹೆಚ್ಚು ಕಡಜ ಚುಚ್ಚಿದ್ದರೆ ಅಲರ್ಜಿ ಇಲ್ಲದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಮಕ್ಕಳು, ವಯಸ್ಸಾದವರಾದರೆ ಅಷ್ಟು ಲೆಕ್ಕವೂ ಬೇಡ. ವಿಷಕ್ಕೆ ಸ್ನಾಯು ಒಡೆದು ಕಿಡ್ನಿ ಕೆಡುತ್ತೆ, ಮೊದಲ ದಿನ ಆಳು ಚೆನ್ನಾಗಿಯೇ ಕಾಣಬಹುದು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡ ಮಾಡಬೇಡಿ.

ಗೂಡುಬಿಡಿಸುವವ:
ದೊಂದಿ ಬೇಡ. ಕಡಜದ ಗೂಡು ಪೂರ್ತಿ ಕಾಗದ, ಭಗ್ಗೆಂದು ಹತ್ತುತ್ತೆ. ಹೊರಗಿನ ಪದರ ಉರಿಯುವಾಗಲೇ ಒಳಗಿನವು ನುಗ್ಗುತ್ತವೆ, ಉರಿಯುವ ಚೂರು ತರಗಿನ ಮೇಲೆ ಬೀಳುತ್ತೆ. ಕಾಫಿ ಗಿಡದ್ದನ್ನು ಕೀಟ ನಿಯಂತ್ರಣದವರಿಂದಲೇ ತೆಗೆಸಿ. ಅಲ್ಲಿವರೆಗೆ ಸುತ್ತ 50 ಅಡಿ ದೂರದಲ್ಲಿ ಹಗ್ಗ ಕಟ್ಟಿ, ಆ ಪಟ್ಟಿಗೆ ಕಟರ್ ಒಯ್ಯಬೇಡಿ.

ಕಣಜದ್ದು ಯಾರ ತಲೆಗೂ ತಾಗದ ಎತ್ತರದಲ್ಲಿದ್ದರೆ ಇರಲಿ ಬಿಡಿ. ಅಡುಗೆಮನೆ ಕಿಟಕಿ ಅಂದಿರಿ, ಮಗು ಬೇರೆ ಇದೆ, ಹಾಗಾಗಿ ತೆಗೆಯಬಹುದು. ಕತ್ತಲಾದ ಮೇಲೆ ಎಲ್ಲವೂ ಗೂಡಿನ ಮೇಲೇ ಕೂತಿರುತ್ತವೆ. ಕಿಟಕಿ ಮುಚ್ಚಿ, ಒಳಗಿನ ದೀಪ ಆರಿಸಿ. ಟಾರ್ಚಿಗೆ ಕೆಂಪು ಗಾಜುಕಾಗದ ಕಟ್ಟಿ, ಕೆಂಪು ಬೆಳಕು ಇವಕ್ಕೆ ಸರಿಯಾಗಿ ಕಾಣದು. ತಿಳಿಬಣ್ಣದ ದಪ್ಪ ತುಂಬುತೋಳಿನ ಅಂಗಿ, ಗ್ಲೌಸ್, ತಲೆಗೆ ಜೇನು ಸಾಕುವವರ ಬಲೆ ಬೇಕು. 1 ಲೀಟರ್ ನೀರಿಗೆ 3 ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ, ಗಿಡಕ್ಕೆ ಹೊಡೆಯುವ ಪಂಪಿಗೆ ಹಾಕಿ, ಪಕ್ಕದಿಂದ ಗೂಡು ತೊಪ್ಪೆಯಾಗುವ ಹಾಗೆ ಹೊಡೆಯಿರಿ. ಬರೀ ನೀರು ಅವುಗಳ ಮೈಮೇಲೆ ಉರುಳಿಹೋಗುತ್ತೆ, ಸೋಪು ಬೆರೆತದ್ದು ಉಸಿರಾಟದ ರಂಧ್ರದೊಳಗೆ ಹರಿಯುತ್ತೆ. ಗೂಡಿನ ನೇರ ಕೆಳಗೆ ನಿಲ್ಲಬೇಡಿ, ಏಣಿ ಹತ್ತಲೇಬೇಡಿ. ಓಡಬೇಕಾದಾಗ ಏಣಿಯಿಂದ ಬಿದ್ದು ಆಗುವ ಪೆಟ್ಟು ಕಣಜದ್ದಕ್ಕಿಂತ ಕೆಟ್ಟದ್ದು.

ತೋಟದಂಚು:
ತೆಗೆದ ಮೇಲೆ ಮತ್ತೆ ಅಲ್ಲೇ ಕಟ್ಟಿದರೆ? ಕಿಟಕಿ ಚೌಕಟ್ಟಿಗೆ ಮಣ್ಣು ಮೆತ್ತುವ ಹುಳವೂ ಇದೆ, ಅದನ್ನೂ ತೆಗೆಯಬೇಕಾ?

ಗೂಡುಬಿಡಿಸುವವ:
ಹೊರಗೆ ಉಳಿದ ಒಂದೆರಡು ಕಣಜ ಕೆಲವು ದಿನ ಅದೇ ಜಾಗಕ್ಕೆ ಬಂದು ಕೂರುತ್ತವೆ. ಗೂಡು ಒಂದು ಕರೀ ತೊಟ್ಟಿನಿಂದ ನೇತಾಡುತ್ತೆ, ಅದರ ಬುಡವನ್ನು ಕರಣೆಯಲ್ಲಿ ಕೆರೆದು ಸೋಪುನೀರಲ್ಲಿ ಉಜ್ಜಿ. ವಾರಕ್ಕೊಮ್ಮೆ ಸಜ್ಜಾ ಅಡಿ ನೋಡಿ. ನಾಲ್ಕು ಕಣ್ಣಿನ ಹೊಸ ಗೂಡಾದರೆ ಉದ್ದ ಕೋಲಿನ ಪೊರಕೆ ಸಾಕು.

ಮಣ್ಣಿನದ್ದು ಕುಂಬಾರ ಹುಳ. ಒಂಟಿಯಾಗಿ ಬಾಳುತ್ತೆ, ಕಾವಲಿಲ್ಲ, ಅಟ್ಟಿಸಿಕೊಂಡು ಬರುವುದಿಲ್ಲ. ಬಾಗಿಲು ಮುಚ್ಚಲು ಅಡ್ಡವಾಗದಿದ್ದರೆ ಮುಟ್ಟಬೇಡಿ.